ಭಜನೆ ಪೆಟ್ಟಿಗೆಗೊಂದು ತಿದಿ

ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ 1986ರಲ್ಲಿ ಕಟ್ಟಿ ಮುಗಿಸಿದ ಹಾಲ್‌ಗ್ರಿಮ್ಸ್‌ಕಿರ್ಕ್ಯಾ ಚರ್ಚಿನಲ್ಲಿ ಬೇಸಿಗೆ ಬಂದರೆ ಆರ್ಗನ್ ಕಚೇರಿ. ಜೂನ್‌ನಲ್ಲಿ ಅಲ್ಲಿ ಹೊತ್ತು ಮುಳುಗೋದೇ ಮಧ್ಯರಾತ್ರಿಗೆ. ಮಗನ ಫೋನಿನಲ್ಲಿ ಕೇಳಿದೆ, ಎದೆ ನಡುಗಿತು. 1992ರಲ್ಲಿ ಕೂಡಿಸಿದ ವಾದ್ಯ. 5275 ಕೊಳವೆ, 25 ಟನ್ ತೂಕ! ಆದರೂ ಅದು ಬದುಕೋದು ನಮ್ಮ ಹಾರ್ಮೋನಿಯಂನಂತೆ ಗಾಳಿಯ ಮೇಲೇ. ಸುಮಾರು ನಾಲ್ಕು ಲಕ್ಷ ಜನರ ದೇಶ. ದಾನಿಗಳು ಒಂದೊಂದು ಕೊಳವೆಗೆ ದುಡ್ಡು ಕೊಟ್ಟರಂತೆ.

ಮಡಕಶಿರಾ ಸೀಮೆಯ ನಮ್ಮೂರ ಭಜನೆಮನೆಯಲ್ಲಿ ಪೆಟ್ಟಿಗೆಯ ತಿದಿ ಹರಿದು ಮೂರು ಬೇಸಿಗೆ ಆಯ್ತು. ತೆಲುಗು ತತ್ವ, ಕನ್ನಡ ದೇವರನಾಮ ಎರಡಕ್ಕೂ ಅದೇ ಶ್ರುತಿ. ಜಾತ್ರೆಗೆ ಡಿಜೆ ತರಿಸೋಕೆ ಮನೆಮನೆ ಚಂದಾ ಎತ್ತುತ್ತೇವೆ, ತಿದಿಗೆ ಮಾತ್ರ ‘ನೋಡೋಣ’ ಅಂತೀವಿ. ಕಡಲೆಕಾಯಿ ಮಾರಿದ ದುಡ್ಡಲ್ಲಿ ನಾನು ಸಾವಿರ ಎತ್ತಿಟ್ಟಿದ್ದೇನೆ. ಅಂಗಡಿಯವರೇ, ಉಳಿದದ್ದು ನಿಮ್ಮ ಪಾಲು, ಯುಗಾದಿಯೊಳಗೆ ಕೊಡಿ.