ಹಿಮದಲ್ಲಿ ಮರಸು ಕೂತವನ ಕೋವಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪ್ರತಿವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಜಿಂಕೆ ಬೇಟೆಯ ಒಂಬತ್ತು ದಿನಗಳ ಕೋವಿ ಹಂಗಾಮು ಶುರುವಾಗುತ್ತದೆ. ಐದು ಲಕ್ಷಕ್ಕೂ ಮೀರಿದ ಜನ, ಕಾನೂನು ಹೇಳುವ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಅಂಗಿ ತೊಟ್ಟು, ಬೆಳಕು ಹರಿಯುವ ಮೊದಲೇ ಮರಸು ಕೂರುತ್ತಾರೆ. ಕೆಲವು ವರ್ಷ ಚಳಿ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿರುತ್ತದೆ. ಕೆಲವರ ತೊಡೆಯ ಮೇಲೆ ಅಪ್ಪನ ಕಾಲದ ವಿಂಚೆಸ್ಟರ್. ಕೆಲವರದ್ದು ತಮ್ಮ ಭುಜದ ಅಳತೆಗೆ ಹೇಳಿ ಮಾಡಿಸಿಕೊಂಡ ರೈಫಲ್. ಬೇಟೆಗೇ ಎರಡು ಮಾತಿರುವಾಗ ಈ ಎರಡನೆಯವರ ಕೋವಿ ಮೋಹವನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು?

ನಮಗೆ ಇದೆಲ್ಲ ಕೊಂಚ ವಿಚಿತ್ರವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿ ಎಂಬುದು ನಮ್ಮ ಪಾಲಿಗೆ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳಲ್ಲೋ, ಕದ್ದು ಹೊಡೆದು ಸಿಕ್ಕಿಬಿದ್ದವರ ಸುದ್ದಿಯಲ್ಲೋ ಉಳಿದಿದೆ. ಅಲ್ಲಿ ಸರಕಾರವೇ ಪರವಾನಗಿ ಮಾರುತ್ತದೆ, ಎಲ್ಲಿ ಎಷ್ಟು ಹೊಡೆಯಬೇಕೆಂದು ಲೆಕ್ಕ ಹಾಕುತ್ತದೆ, ಹೊಡೆಯುವವರು ಕಡಿಮೆಯಾದರೆ ಚಿಂತೆಗೆ ಬೀಳುತ್ತದೆ.

ಅದಕ್ಕೆ ಕಾರಣವಿದೆ. ಮಾಂಸದ ಪೇಟೆಗಾಗಿ ಎಗ್ಗಿಲ್ಲದೆ ಹೊಡೆದ ಮೇಲೆ, 1900ರ ಹೊತ್ತಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳು ಹೆಚ್ಚೆಂದರೆ ಐದು ಲಕ್ಷ ಉಳಿದಿದ್ದವು ಎಂಬುದು ಅಂದಾಜು. ಕದ್ದು ಹೊಡೆದ ಪ್ರಾಣಿಯನ್ನು ರಾಜ್ಯದ ಗಡಿ ದಾಟಿಸಿ ಮಾರದಂತೆ ಲೇಸಿ ಕಾಯ್ದೆ ಆ ವರ್ಷವೇ ತಡೆಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ರೈಫಲ್ ಮತ್ತು ತೋಟಾಗಳ ಮೇಲಿನ ಶೇ 11 ತೆರಿಗೆಯನ್ನು ವನ್ಯಜೀವಿಗಳ ಕೆಲಸಕ್ಕೆ ತಿರುಗಿಸಿತು. ಈಗ ಜಿಂಕೆಗಳು ಮೂರು ಕೋಟಿಯ ಆಸುಪಾಸಿನಲ್ಲಿವೆ. ತೋಳ ಬಹುತೇಕ ಕಡೆ ಇಲ್ಲ. ಕಾಡಿನಲ್ಲಿ ಹೆಮ್‌ಲಾಕ್, ಯೂ ಸಸಿಗಳು ಮೇಲೇಳುವ ಮೊದಲೇ ಜಿಂಕೆಯ ಹೊಟ್ಟೆ ಸೇರುತ್ತವೆ. ರಸ್ತೆಯಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಹನಗಳು ಜಿಂಕೆಗೆ ಗುದ್ದುತ್ತವೆ ಎಂದು ವಿಮಾ ಕಂಪನಿಗಳು ಅಂದಾಜಿಸುತ್ತವೆ. ಚಳಿಗಾಲ ಬಿಗಿಯಾದರೆ ಮೇವಿಲ್ಲದೆ ಸಾಯುವ ಜಿಂಕೆಗಳ ಸಾವು ಗುಂಡಿನ ಸಾವಿಗಿಂತ ನಿಧಾನ. ಬೇಟೆಯ ಪರವಾಗಿ ಇಷ್ಟು ಗಟ್ಟಿ ವಾದ ಇನ್ನೆಲ್ಲೂ ಸಿಗಲಿಕ್ಕಿಲ್ಲ.

ಆದರೆ ಈ ವಾದಕ್ಕೆ ಬೇಕಿರುವುದು ಹೆಣ್ಣು ಜಿಂಕೆಯ ಬೇಟೆ. ಒಂದು ಗಂಡು ಹಲವು ಹೆಣ್ಣುಗಳಿಗೆ ಸಾಕಾಗುವುದರಿಂದ ಕೊಂಬಿನ ಗಂಡನ್ನು ಹೊಡೆದು ಸಂಖ್ಯೆ ಇಳಿಸಲಾಗುವುದಿಲ್ಲ. ವನ್ಯಜೀವಿ ತಜ್ಞ ಆಲ್ಡೊ ಲಿಯೋಪೋಲ್ಡ್ ವಿಸ್ಕಾನ್ಸಿನ್‌ನಲ್ಲಿ ಇದನ್ನೇ ಹೇಳಿ ಬೈಸಿಕೊಂಡರು. 1943ರಲ್ಲಿ ಕೊಂಬಿಲ್ಲದವನ್ನೂ ಹೊಡೆಯಲು ಬಿಟ್ಟಾಗ ಒಂದು ಲಕ್ಷಕ್ಕೂ ಮೀರಿ ಜಿಂಕೆಗಳು ಬಿದ್ದವು, ಸಿಟ್ಟಿಗೆದ್ದವರಲ್ಲಿ ಬೇಟೆಗಾರರೇ ಮುಂದಿದ್ದರು. 2002ರಲ್ಲಿ ಜಿಂಕೆಗಳ ಮೆದುಳನ್ನು ತಿನ್ನುವ ಸಿಡಬ್ಲ್ಯುಡಿ ರೋಗ ಅದೇ ರಾಜ್ಯದಲ್ಲಿ ಕಾಣಿಸಿಕೊಂಡಿತು. ರೋಗವಿದ್ದ ಸೀಮೆಯ ಜಿಂಕೆಗಳನ್ನು ಮುಗಿಸಿಬಿಡೋಣ ಎಂದು ಇಲಾಖೆ ಹೊರಟಾಗ ಬೇಟೆಗಾರರೂ ಜಮೀನುದಾರರೂ ಬೇಕಾದಷ್ಟು ಕೈಜೋಡಿಸಲಿಲ್ಲ, ಯೋಜನೆ ನಿಂತುಹೋಯಿತು. ಕಾಡು ಕಾಯುವವರು ನಾವು ಎಂಬ ಬೇಟೆಗಾರರ ಮಾತು ತಮ್ಮ ಇಷ್ಟಕ್ಕೆ ಹೊಂದುವಷ್ಟು ದೂರ ಮಾತ್ರ ನಿಜ ಎಂದು ಟೀಕಾಕಾರರು ಹೇಳಿದರೆ ತೆಗೆದುಹಾಕುವುದು ಕಷ್ಟ. ಪರವಾನಗಿ ಮಾರಿ ಬದುಕುವ ಇಲಾಖೆಗೂ ಜಿಂಕೆ ತುಂಬಿರುವುದೇ ಅನುಕೂಲ ಅಲ್ಲವೇ ಎಂಬ ಅನುಮಾನ ಬೇರೆ. ಜೀವ ತೆಗೆಯುವುದೇ ತಪ್ಪು ಎನ್ನುವವರ ವಾದ ಇದಕ್ಕಿಂತ ಹಳೆಯದು, ನೇರವಾದದ್ದು. ಅದನ್ನು ನಾನು ಗೌರವಿಸುತ್ತೇನೆ. ಅಂಗಡಿಯ ಕೋಳಿ ತಿನ್ನುತ್ತಲೇ ಅದನ್ನು ಹೇಳುವವರನ್ನು ಅಷ್ಟಾಗಿ ಅಲ್ಲ.

ಇನ್ನು ಆ ರೈಫಲ್. ಹೇಳಿ ಮಾಡಿಸಿದ ಕೋವಿಗೆ ಅಮೆರಿಕದಲ್ಲಿ ಒಂದು ಪರಂಪರೆಯೇ ಇದೆ. .270 ತೋಟಾದ ದೊಡ್ಡ ವಕೀಲನಾಗಿದ್ದ ಲೇಖಕ ಜ್ಯಾಕ್ ಓಕಾನರ್‌ಗೆ ಪ್ರಿಯವಾದದ್ದು ವಿಂಚೆಸ್ಟರ್ ಮಾಡೆಲ್ 70. ಅದಕ್ಕೆ ಮರದ ಹಿಡಿ ಕೂರಿಸಿದವರು ಸ್ಪೋಕೇನ್‌ನ ಅಲ್ ಬೀಸನ್. ಅಕ್ರೋಟದ ಮರ ಆರಿಸಿ, ನಳಿಗೆ ಅಲುಗದಂತೆ ಕೂರಿಸಿ, ಆ ನಳಿಗೆಗೆ ಒಗ್ಗುವ ಗುಂಡು ಯಾವುದು, ಮದ್ದು ಎಷ್ಟು ಎಂದು ಹುಡುಕುವುದು ತಿಂಗಳುಗಟ್ಟಲೆಯ ಕೆಲಸ. ಆದರೆ ವಿಸ್ಕಾನ್ಸಿನ್ ಕಾಡಿನಲ್ಲಿ ಜಿಂಕೆ ಬಹುಪಾಲು ನೂರು ಗಜದೊಳಗೇ ಬೀಳುತ್ತದೆ. 1895ರಲ್ಲಿ ಪೇಟೆಗೆ ಬಂದ .30-30 ತೋಟಾ ಅಷ್ಟಕ್ಕೆ ಧಾರಾಳ ಸಾಕು. ಸಂರಕ್ಷಣೆಗೆ ತೆರಿಗೆ ಕಟ್ಟುತ್ತೇವೆ ಎಂಬ ಮಾತೂ ಇಲ್ಲಿ ಸ್ವಲ್ಪ ಕುಂಟುತ್ತದೆ: ವರ್ಷಕ್ಕೆ 50ಕ್ಕಿಂತ ಕಡಿಮೆ ಕೋವಿ ಮಾಡುವ ಸಣ್ಣ ಕುಶಲಿಗೆ 2005ರಿಂದ ಆ ತೆರಿಗೆಯಿಲ್ಲ. ತೋಟಾದ ಮೇಲಿನದ್ದು ಮಾತ್ರ ತಪ್ಪದು.

ಹಾಗಾದರೆ ಬರೀ ಶೋಕಿಯೇ? ಚಳಿ ಬಿದ್ದಾಗ ಲೆಕ್ಕ ಬದಲಾಗುತ್ತದೆ. ಬೋಲ್ಟಿನೊಳಗಿನ ಎಣ್ಣೆ ಗಟ್ಟಿಯಾಗಿ ಸೂಜಿಯ ಹೊಡೆತ ಸಪ್ಪೆಯಾಗಬಹುದು, ತೋಟಾ ಹಾರದೆ ಹೋಗಬಹುದು. ಬಲ್ಲವರು ಎಣ್ಣೆ ಒರೆಸಿ ಒಣ ಗ್ರಾಫೈಟ್ ಹಾಕುತ್ತಾರೆ. ತಣ್ಣಗಿನ ಕೋವಿಯನ್ನು ಬೆಚ್ಚಗಿನ ಕೋಣೆಗೆ ತಂದರೆ ಒಳಗೂ ಹೊರಗೂ ಬೆವರುತ್ತದೆ, ಮತ್ತೆ ಹೊರಗೊಯ್ದರೆ ಆ ಬೆವರು ಹೆಪ್ಪುಗಟ್ಟುತ್ತದೆ. ಅದಕ್ಕೇ ತೋಟಾ ತೆಗೆದು, ಹೊರಗೇ ತಣ್ಣನೆ ಜಾಗದಲ್ಲಿ ಬೀಗ ಹಾಕಿ ಇಡುವುದು. ಮದ್ದು ಚಳಿಗೆ ಕೊಂಚ ಮಂದವಾಗುತ್ತದೆ, ಮರ ತೇವಕ್ಕೆ ಉಬ್ಬುತ್ತದೆ. ದಪ್ಪ ಕೋಟು ತೊಟ್ಟರೆ ಬೇಸಗೆಯಲ್ಲಿ ಅಳತೆ ಕೊಟ್ಟ ಹಿಡಿ ಉದ್ದವಾಗಿ ಭುಜಕ್ಕೆ ಸಿಕ್ಕಿಕೊಳ್ಳುತ್ತದೆ. ತನ್ನ ಕೋವಿಯ ಇಷ್ಟೆಲ್ಲ ಗುಣ ಅವಗುಣ ತಿಳಿದವನ ಈಡು ಜಿಂಕೆಯ ಎದೆಗೆ ಬೀಳುವ ಸಾಧ್ಯತೆ ಹೆಚ್ಚು. ಗಾಯಗೊಂಡು ಓಡಿ ಪೊದೆಯಲ್ಲಿ ಸಾಯುವ ಜಿಂಕೆಯ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ. ಈ ತಿಳಿವಳಿಕೆ ಅಪ್ಪನ ಹಳೆಯ .30-30 ಜೊತೆಗೂ ಬರುತ್ತದೆ ಎನ್ನಬಹುದು. ಬರುತ್ತದೆ. ನುಣುಪು ಮಾಡಿಸಿದ ಹಗುರ ಟ್ರಿಗರ್ ಮರಗಟ್ಟಿದ, ಗವಸು ತೊಟ್ಟ ಬೆರಳಿಗೆ ಅಪಾಯಕಾರಿ ಎಂಬುದೂ ಸತ್ಯ. ಹಣದಿಂದ ಬರುವುದು ನಿಖರತೆ, ಪರಿಚಯವಲ್ಲ. ನೂರು ಗಜದ ಕಾಡಿನಲ್ಲಿ ಎರಡನೆಯದರ ಬೆಲೆಯೇ ಹೆಚ್ಚು ಎಂದು ನನ್ನ ಅನಿಸಿಕೆ.

ಮೋಹದ ನಿಜವಾದ ಪರೀಕ್ಷೆ ಸೀಸದಲ್ಲಿದೆ. ವೇಗದ ರೈಫಲ್ ಗುಂಡಿನ ಸೀಸ ಎಲುಬಿಗೆ ತಾಗಿ ಚೂರುಚೂರಾಗಿ ಮಾಂಸದಲ್ಲಿ ಹರಡುತ್ತದೆ. ಬೇಟೆಗಾರ ಕಾಡಿನಲ್ಲಿ ಬಿಟ್ಟ ಕರುಳಿನ ರಾಶಿಗೆ ಹಸಿದ ಹದ್ದುಗಳು ಇಳಿಯುತ್ತವೆ. ಅಮೆರಿಕದ ಹಲವು ರಾಜ್ಯಗಳ ಬಿಳಿತಲೆ ಹದ್ದು, ಚಿನ್ನದ ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ ಸುಮಾರು ಅರ್ಧದಷ್ಟರಲ್ಲಿ ದೀರ್ಘಕಾಲದ ಸೀಸದ ವಿಷ ಕಂಡಿತು. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಯ ಗುಂಡನ್ನು ಬೇಟೆಗಾರನ ಆಯ್ಕೆಗೆ ಬಿಟ್ಟಿದ್ದಾರೆ. ತಾಮ್ರದ ಗುಂಡು ಸಿಗುತ್ತದೆ, ಚೂರಾಗುವುದು ತೀರಾ ಕಡಿಮೆ, ಬೆಲೆ ಜಾಸ್ತಿ. ತೊಡಕು ಬೇರೆ: ತಿಂಗಳುಗಟ್ಟಲೆ ಹದ ಮಾಡಿದ ಮೆಚ್ಚಿನ ರೈಫಲ್ ಒಂದೇ ಸೀಸದ ಗುಂಡಿಗೆ ಒಗ್ಗಿಕೊಂಡಿರುತ್ತದೆ. ತಾಮ್ರ ಹಗುರ ಲೋಹವಾದ್ದರಿಂದ ಅದೇ ತೂಕದ ಗುಂಡು ಉದ್ದವಾಗುತ್ತದೆ, ನಳಿಗೆಯೊಳಗಿನ ಸುರುಳಿ ಅದಕ್ಕೆ ಸಾಲದೆ ಹೋಗಬಹುದು. ಆಗ ಮೆಚ್ಚಿನದನ್ನು ಮನೆಯಲ್ಲಿಟ್ಟು, ಒಗ್ಗುವ ಸಾದಾ ಕೋವಿ ಎತ್ತಿಕೊಂಡು ಹೆಣ್ಣು ಜಿಂಕೆಗಾಗಿ ಮರಸು ಕೂರುವವನ ಎದುರು ನನ್ನ ಆಕ್ಷೇಪಗಳು ಬಹುತೇಕ ಕರಗುತ್ತವೆ. ಹೊಸ ನಳಿಗೆ ಹಾಕಿಸಿಕೊಳ್ಳುವವನೊಂದಿಗೂ ಜಗಳವಿಲ್ಲ, ಖರ್ಚು ಅವನದೇ. ಹದ ಕೆಡುತ್ತದೆ ಎಂದು ಸೀಸವನ್ನೇ ಹಿಡಿದುಕೊಂಡು, ಕಾಡು ಕಾಯುತ್ತಿದ್ದೇನೆ ಎನ್ನುವವನ ಮಾತನ್ನು ಮಾತ್ರ ನಾನು ಒಪ್ಪಲಾರೆ.