ಮರಳುಗಾಡಿಗೆ ಯಾವ ಸೋಲಾರ್ ಒಳ್ಳೇದು?



ಸೋಲಾರ್ ಫಲಕಗಳಲ್ಲಿ ಎರಡು ಬಗೆ. ಒಂದು ದಕ್ಷಿಣಕ್ಕೆ ಮುಖ ಮಾಡಿ ನಿಂತಲ್ಲೇ ನಿಲ್ಲುತ್ತದೆ. ಇನ್ನೊಂದು ಎಳೆ ಸೂರ್ಯಕಾಂತಿಯ ಹಾಗೆ ಬೆಳಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಮೋಟಾರಿನಿಂದ ತಿರುಗುತ್ತದೆ. ತಿರುಗುವುದರಿಂದ ಸುಮಾರು ಶೇಕಡಾ 15ರಿಂದ 25ರಷ್ಟು ಹೆಚ್ಚು ಕರೆಂಟು ಸಿಗುತ್ತದೆ. ಮರಳುಗಾಡಿನಲ್ಲಿ ಮೋಡ ಕಡಿಮೆ, ನೇರ ಬಿಸಿಲು ಜಾಸ್ತಿ. ಆದ್ದರಿಂದ ಅಲ್ಲಿ ಲಾಭವೂ ಜಾಸ್ತಿ.

ಹಾಗಾದ್ರೆ ಎಲ್ಲಾ ಕಡೆ ಅದನ್ನೇ ಹಾಕಬಹುದಲ್ವಾ ಅಂತ ನೀವು ಕೇಳಬಹುದು. ನಾನು ಬೇಡ ಅಂತೀನಿ.

ರಾಜಸ್ಥಾನದ ಥಾರ್ ಮರುಭೂಮಿಯನ್ನೇ ನೋಡಿ. ಅಲ್ಲಿನ ಭಡ್ಲಾದಲ್ಲಿ 2,245 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಅಷ್ಟು ದೊಡ್ಡ ಕಡೆ ಎಂಜಿನಿಯರುಗಳು ಇರ್ತಾರೆ. ತಿರುಗುವ ಫಲಕ ಕೆಟ್ಟರೂ ರಿಪೇರಿ ಆಗುತ್ತದೆ. ಆದರೆ ಅದೇ ಮರಳುಗಾಡಿನ ಒಬ್ಬ ರೈತನ ಪಂಪ್‌ಸೆಟ್ಟಿಗೆ ಇದನ್ನು ಹಾಕಿದರೆ? ದೂಳು ಹೊಕ್ಕು ಬೇರಿಂಗ್ ಸವೆದು, ಫಲಕ ಪಶ್ಚಿಮಕ್ಕೇ ನಿಂತುಬಿಟ್ಟರೆ ಬೆಳಗಿನ ನೀರು ಹೋದ ಹಾಗೇ. ಮೆಕ್ಯಾನಿಕ್ ಬರುವವರೆಗೆ ಬೆಳೆ, ದನಕರು ಕಾಯ್ತಾವಾ?

ರೈತನಿಗೆ ನಿಂತಿರುವ ಫಲಕವೇ ಸಾಕು. ಬೇಕಿದ್ದರೆ ದಿನಕ್ಕೆ ಮೂರು ಸಲ ಕೈಯಿಂದ ತಿರುಗಿಸುವ ಚೌಕಟ್ಟು ಹಾಕಿಸಲಿ, ದೂಳನ್ನು ಆಗಾಗ ಒರೆಸಲಿ. ಮನೆಯವರೇ ಸರಿಮಾಡಿಕೊಳ್ಳುವಂಥ ಯಂತ್ರವೇ ಹಳ್ಳಿಗೆ ಒಳ್ಳೇದು.

ಇದು ನನ್ನ ಅನಿಸಿಕೆ. ನಿಮ್ಮದನ್ನೂ ಬರೆದು ಅಂಟಿಸಿ.