ಕುಡಿತವನ್ನು ಅಳೆಯುವವರು ಯಾರು?

ಆಸ್ಟ್ರೇಲಿಯಾದಲ್ಲಿ ಆರೋಗ್ಯ ಮತ್ತು ಮದ್ಯಪಾನದ ಕುರಿತು ಸ್ನಾತಕೋತ್ತರ ಸಂಶೋಧನೆ ನಡೆಸಬಯಸುವ ಮೂಲನಿವಾಸಿ ವಿದ್ಯಾರ್ಥಿಗಳಿಗೆಂದೇ ಮೀಸಲಾದ ಶಿಷ್ಯವೇತನಗಳು ಬಂದಿವೆ. ಅವುಗಳ ಪ್ರಸ್ತಾಪ ಬಂದಾಗಲೆಲ್ಲ ಎರಡು ಆಕ್ಷೇಪಗಳು ತಲೆಯೆತ್ತುತ್ತವೆ. ಜ್ಞಾನಕ್ಕೆ ಕುಲಗೋತ್ರವಿಲ್ಲ, ಹಾಗಿರುವಾಗ ಮೀಸಲು ಏಕೆ ಎಂಬುದು ಮೊದಲನೆಯದು. ತನ್ನ ಮನೆಯ ರೋಗವನ್ನು ತಾನೇ ಪರೀಕ್ಷಿಸುವವನಲ್ಲಿ ನಿಷ್ಪಕ್ಷಪಾತ ಎಲ್ಲಿಂದ ಬರಬೇಕು ಎಂಬುದು ಎರಡನೆಯದು. ಎರಡೂ ನ್ಯಾಯವಾದ ಮಾತುಗಳಂತೆಯೇ ಕೇಳಿಸುತ್ತವೆ, ಇನ್ನೂರು ವರ್ಷಗಳ ಇತಿಹಾಸವನ್ನು ಮರೆತವರಿಗೆ ಮಾತ್ರ.

1788ರಲ್ಲಿ ಬ್ರಿಟಿಷರ ಹಡಗುಗಳು ಸಿಡ್ನಿಯ ತೀರಕ್ಕೆ ಬಂದಾಗ ಅವುಗಳೊಂದಿಗೆ ರಮ್ ಕೂಡ ಬಂತು. ಮೂಲನಿವಾಸಿಗಳಿಗೆ ಹುದುಗಿದ ಪಾನೀಯಗಳು ತಿಳಿದಿರಲಿಲ್ಲವೆಂದಲ್ಲ. ಟಾಸ್ಮೇನಿಯಾದಲ್ಲಿ ಒಂದು ಜಾತಿಯ ನೀಲಗಿರಿ ಮರದ ರಸದಿಂದ ಅಂಥ ಪಾನೀಯ ತಯಾರಾಗುತ್ತಿತ್ತು. ಆದರೆ ಪೀಪಾಯಿಗಟ್ಟಲೆ ಬಟ್ಟಿಯಿಳಿಸಿದ ಮದ್ಯ, ಅದನ್ನು ಮಾರಿ ಬದುಕುವ ವರ್ತಕ, ಕೂಲಿಯ ಬದಲಿಗೆ ಬಾಟಲಿ ಕೊಡುವ ಧಣಿ, ಇವೆಲ್ಲ ವಸಾಹತಿನ ಕೊಡುಗೆಗಳು. ಆ ವಸಾಹತಿನಲ್ಲಿ ರಮ್ಮೇ ನಾಣ್ಯವಾಗಿ ಚಲಾವಣೆಯಲ್ಲಿತ್ತು. 1808ರಲ್ಲಿ ಸೈನ್ಯದ ಅಧಿಕಾರಿಗಳು ತಮ್ಮ ಗವರ್ನರನನ್ನೇ ಪದಚ್ಯುತಗೊಳಿಸಿದ ಬಂಡಾಯಕ್ಕೆ ಇಂದಿಗೂ ರಮ್ ಬಂಡಾಯವೆಂದೇ ಹೆಸರು. ಇಷ್ಟಾದರೂ ಕುಡುಕನೆಂಬ ಹಣೆಪಟ್ಟಿ ಅಂಟಿದ್ದು ಬಿಳಿಯ ಅಧಿಕಾರಿಗಲ್ಲ, ಮೂಲನಿವಾಸಿಗೆ.

ಮೂಲನಿವಾಸಿ ವಿದುಷಿ ಮಾರ್ಸಿಯಾ ಲ್ಯಾಂಗ್ಟನ್ 1993ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಹಣೆಪಟ್ಟಿಯ ಹುಟ್ಟನ್ನು ಹುಡುಕಿಕೊಂಡು ಹೊರಡುತ್ತದೆ. ಸಿಡ್ನಿಯ ಪ್ರಖ್ಯಾತ ಒಪೆರಾ ಭವನ ನಿಂತಿರುವ ಭೂಶಿರಕ್ಕೆ ಬೆನೆಲಾಂಗ್ ಎಂಬ ಮೂಲನಿವಾಸಿಯ ಹೆಸರಿದೆ. 1789ರಲ್ಲಿ ಗವರ್ನರನ ಅಪ್ಪಣೆಯಂತೆ ಸೆರೆಹಿಡಿಯಲ್ಪಟ್ಟ, ಇಂಗ್ಲೆಂಡಿಗೂ ಹೋಗಿಬಂದ ಈತ 1813ರಲ್ಲಿ ತೀರಿಕೊಂಡಾಗ ವಸಾಹತಿನ ಪತ್ರಿಕೆ ಅವನನ್ನು ಬರೀ ಕುಡುಕನೆಂದು ಬಣ್ಣಿಸಿತು. ಶತಮಾನಗಳ ಕಾಲ ಪಠ್ಯಗಳು ಅದನ್ನೇ ಉರುಹೊಡೆದವು. ಅವನ ಕೊನೆಯ ವರ್ಷಗಳು ತನ್ನ ಬಳಗದ ನಡುವೆ ಹಿರಿಯನಾಗಿ ಕಳೆದವೆಂಬುದನ್ನು ಇತಿಹಾಸಕಾರರು ಹೇಳಿದ್ದು ಬಹಳ ತಡವಾಗಿ. ಕುಡುಕ ಮೂಲನಿವಾಸಿ ಎಂಬ ಚಿತ್ರ ನೆಲ ಕಳೆದುಕೊಂಡವರ ಸಂಕಟಕ್ಕೆ ಅವರನ್ನೇ ಹೊಣೆಮಾಡಲು ಅನುಕೂಲವಾಗಿ ಒದಗಿಬಂದ ಚಿತ್ರ ಎಂಬುದು ಲ್ಯಾಂಗ್ಟನ್ ಅವರ ವಾದದ ತಿರುಳು. ಈ ಪ್ರಶ್ನೆಯನ್ನು ಕೇಳಲು ಒಬ್ಬ ಮೂಲನಿವಾಸಿ ಮಹಿಳೆ ವಿಶ್ವವಿದ್ಯಾಲಯದೊಳಗೆ ಬರಬೇಕಾಯಿತು.

ಕಾನೂನು ಆಡಿದ ಆಟ ಇನ್ನೂ ಕ್ರೂರವಾದದ್ದು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಮೂಲನಿವಾಸಿಗಳಿಗೆ ಮದ್ಯ ಮಾರುವುದು ಅಪರಾಧವಾಗಿತ್ತು. ಅರೆಂಟೆ ಸಮುದಾಯದ ಚಿತ್ರಕಾರ ಆಲ್ಬರ್ಟ್ ನಮಚಿರಾ ದೇಶವಿದೇಶಗಳಲ್ಲಿ ಹೆಸರು ಗಳಿಸಿದ ಕಾರಣಕ್ಕೆ 1957ರಲ್ಲಿ ಅವನಿಗೆ ಪೌರತ್ವದ ಹಕ್ಕುಗಳು ದೊರೆತವು. ಅವನು ಕುಡಿಯಬಹುದಾಗಿತ್ತು, ಅವನ ಬಂಧುಗಳು ಕುಡಿಯುವಂತಿರಲಿಲ್ಲ. ಇರುವುದನ್ನು ಹಂಚಿಕೊಳ್ಳುವುದು ಬಂಧುತ್ವದ ಮೊದಲ ಧರ್ಮವಾಗಿರುವ ಸಮಾಜದಲ್ಲಿ ಹಂಚಿಕೊಂಡದ್ದೇ ಅವನ ಅಪರಾಧವಾಯಿತು. 1958ರಲ್ಲಿ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅವಧಿ ಕಡಿಮೆಯಾಯಿತು, ಸುಮಾರು ಎರಡು ತಿಂಗಳ ಸೆರೆಯನ್ನು ಅವನು ಅನುಭವಿಸಿದ. 1959ರ ಆಗಸ್ಟಿನಲ್ಲಿ ಸತ್ತ. ಕುಡಿಯುವ ಹಕ್ಕನ್ನೇ ಪೌರತ್ವದ ಗುರುತಾಗಿಸಿದ ಪ್ರಭುತ್ವವೇ, ಆ ಹಕ್ಕು ಎಲ್ಲರಿಗೂ ಬಂದ ಮೇಲೆ ಇವರೇಕೆ ಕುಡಿಯುತ್ತಾರೆಂದು ಆಶ್ಚರ್ಯಪಟ್ಟಿತು. ಕಾರಣ ತಿಳಿಯಲು ಸಂಶೋಧಕರನ್ನು ಕಳುಹಿಸಿತು.

ಆ ಸಂಶೋಧಕರು ಯಾರಾಗಿದ್ದರು? ಸಿಡ್ನಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1850ರಲ್ಲಿ. ಅಲ್ಲಿಂದ ಪದವಿ ಪಡೆದ ಮೊದಲ ಮೂಲನಿವಾಸಿ ಪುರುಷ ಚಾರ್ಲ್ಸ್ ಪರ್ಕಿನ್ಸ್ ಹೊರಬಂದದ್ದು 1966ರಲ್ಲಿ. ನಡುವೆ 116 ವರ್ಷಗಳು. ಮೂಲನಿವಾಸಿ ವಿದ್ಯಾರ್ಥಿಗಳಿಗೆ ಅಬ್‌ಸ್ಟಡಿ ಎಂಬ ಸರ್ಕಾರಿ ನೆರವು ಆರಂಭವಾದದ್ದು 1969ರಲ್ಲಿ. ದೇಶದ ಮೊದಲ ಮೂಲನಿವಾಸಿ ವೈದ್ಯೆ ಹೆಲೆನ್ ಮಿಲ್ರಾಯ್ ಪದವಿ ಪಡೆದದ್ದು 1983ರಲ್ಲಿ. ಹೀಗಿರುವಾಗ ಅಷ್ಟು ಕಾಲ ಮೂಲನಿವಾಸಿಗಳ ದೇಹವನ್ನು, ಕುಡಿತವನ್ನು, ಸಾವನ್ನು ಅಳೆದು ಬರೆದ ಗ್ರಂಥರಾಶಿಯಲ್ಲಿ ಮೂಲನಿವಾಸಿಯ ಪಾತ್ರ ಅಳೆಯಿಸಿಕೊಳ್ಳುವುದಷ್ಟೇ ಆಗಿತ್ತು. ಜ್ಞಾನಕ್ಕೆ ಕುಲವಿಲ್ಲವೆನ್ನುವವರು ಆ ನೂರಾರು ವರ್ಷ ಜ್ಞಾನದ ಬಾಗಿಲಲ್ಲಿ ಕುಲ ನೋಡುತ್ತ ಕುಳಿತಿದ್ದವರು ಯಾರೆಂಬುದಕ್ಕೆ ಮೊದಲು ಉತ್ತರ ಹೇಳಲಿ.

ನಿಷ್ಪಕ್ಷಪಾತದ ಮಾತಿಗೆ ಬಂದರೆ 2007ನೆಯ ಇಸವಿಯೊಂದೇ ಸಾಕು. ಆ ವರ್ಷ ಉತ್ತರ ಪ್ರಾಂತ್ಯದಲ್ಲಿ ಮಕ್ಕಳ ರಕ್ಷಣೆಯ ಕುರಿತ ತನಿಖಾ ವರದಿಯೊಂದು ಹೊರಬಂತು. ಅದನ್ನು ಸಿದ್ಧಪಡಿಸಿದವರು ಅಲ್ಯಾವಾರ ಸಮುದಾಯದ ಪ್ಯಾಟ್ ಆಂಡರ್ಸನ್ ಮತ್ತು ನ್ಯಾಯವಾದಿ ರೆಕ್ಸ್ ವೈಲ್ಡ್. ಮದ್ಯದ ಹಾವಳಿಯನ್ನು ವರದಿ ಮುಚ್ಚಿಡಲಿಲ್ಲ, ಎತ್ತಿಯೇ ಹೇಳಿತು. ಅದರೊಡನೆ, ಸಮುದಾಯಗಳೊಂದಿಗೆ ನಿಜವಾದ ಸಮಾಲೋಚನೆ ನಡೆಸದೆ ಹೆಜ್ಜೆಯಿಡಬಾರದೆಂದೂ ಹೇಳಿತು. ಒಟ್ಟು 97 ಶಿಫಾರಸುಗಳು. ವರದಿ ಬಹಿರಂಗವಾದ ವಾರದೊಳಗೆ, ಜೂನ್ 21ರಂದು, ಜಾನ್ ಹೋವರ್ಡ್ ಸರ್ಕಾರ ತುರ್ತು ಕಾರ್ಯಾಚರಣೆ ಘೋಷಿಸಿತು. ಸೈನಿಕರು ಹಳ್ಳಿಗಳಿಗೆ ಬಂದರು. ಜನಾಂಗೀಯ ತಾರತಮ್ಯ ವಿರೋಧಿ ಕಾಯಿದೆಯನ್ನು ಅಮಾನತಿನಲ್ಲಿಡಲಾಯಿತು. ಮೂಲನಿವಾಸಿ ನೆಲೆಗಳ ಬಾಗಿಲಲ್ಲಿ ಮದ್ಯ ಮತ್ತು ಅಶ್ಲೀಲ ಚಿತ್ರಗಳನ್ನು ನಿಷೇಧಿಸುವ ಬೃಹತ್ ಫಲಕಗಳು ನಿಂತವು. ಅವುಗಳಲ್ಲಿ ಎಷ್ಟೋ ನೆಲೆಗಳು ವರ್ಷಗಳ ಹಿಂದೆಯೇ ತಮ್ಮ ನಿರ್ಧಾರದಿಂದ ಮದ್ಯವನ್ನು ಹೊರಗಿಟ್ಟಿದ್ದವು. ಸ್ವಂತ ನಿರ್ಧಾರದ ಮೇಲೆ ಅಪಮಾನದ ಫಲಕ ಹೊಡೆದದ್ದೇ ಸರ್ಕಾರದ ಸಾಧನೆ. ವರದಿಯ ಲೇಖಕರೇ ತಮ್ಮ ಶಿಫಾರಸುಗಳನ್ನು ಕಡೆಗಣಿಸಲಾಯಿತೆಂದು ಹೇಳಬೇಕಾಯಿತು. ಈ ನಿಷೇಧದ ಮುಂದುವರಿಕೆಯಾಗಿದ್ದ ಕಾಯಿದೆಯ ಅವಧಿ 2022ರ ಜುಲೈಯಲ್ಲಿ ಮುಗಿದಾಗ ಸಮರ್ಪಕ ಸಿದ್ಧತೆಯಿಲ್ಲದೆ ಬಾಗಿಲು ತೆರೆಯಿತು. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಗಲಭೆ ದೇಶದ ಸುದ್ದಿಯಾದ ಮೇಲೆ 2023ರ ಆರಂಭದಲ್ಲಿ ಮತ್ತೆ ಮುಚ್ಚಿತು.

ಅದೇ 2007ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಫಿಟ್ಸ್‌ರಾಯ್ ಕ್ರಾಸಿಂಗ್ ಎಂಬ ಪುಟ್ಟ ಪಟ್ಟಣದಲ್ಲಿ ಬೇರೊಂದು ಕೆಲಸ ನಡೆಯಿತು. ಸಾಲುಸಾಲಾಗಿ ಆತ್ಮಹತ್ಯೆಗಳನ್ನು ಕಂಡು ಬಸವಳಿದಿದ್ದ ಊರು ಅದು. ಬುನುಬಾ ಸಮುದಾಯದ ಜೂನ್ ಆಸ್ಕರ್ ಮತ್ತು ಅವರ ಸಂಗಾತಿಗಳು, ಅಲ್ಲಿನ ಮಹಿಳಾ ಕೇಂದ್ರದವರು, ಗಡುಸಾದ ಮದ್ಯವನ್ನು ಅಂಗಡಿಯಿಂದ ಹೊರಗೆ ಒಯ್ಯಲು ಮಾರಬಾರದೆಂದು ಅಧಿಕಾರಿಗಳ ಮುಂದೆ ಪಟ್ಟುಹಿಡಿದು ಗೆದ್ದರು. ಊರಿನೊಳಗಿಂದಲೇ ಬಂದ ವಿರೋಧವನ್ನೂ ಎದುರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಗರ್ಭದಲ್ಲಿರುವಾಗಲೇ ಮದ್ಯದ ಪೆಟ್ಟು ತಿಂದ ಮಕ್ಕಳು ಎಷ್ಟಿದ್ದಾರೆಂದು ತಿಳಿಯಲು ವಿಜ್ಞಾನಿಗಳನ್ನು ತಾವೇ ಕರೆಸಿಕೊಂಡರು. ಲಿಲಿಲ್ವಾನ್ ಎಂಬ ಹೆಸರಿನ ಆ ಅಧ್ಯಯನದಲ್ಲಿ ಊರಿನ ಒಪ್ಪಿಗೆ ಮೊದಲು, ವೈದ್ಯರ ಆಗಮನ ಅನಂತರ. ಮನೆಮನೆಗೆ ವೈದ್ಯರೊಡನೆ ಹೋದವರು ಸ್ಥಳೀಯರು. 2002 ಮತ್ತು 2003ರಲ್ಲಿ ಹುಟ್ಟಿದ ಮಕ್ಕಳನ್ನು ಪರೀಕ್ಷಿಸಿದಾಗ ಸುಮಾರು ಐವರಲ್ಲಿ ಒಂದು ಮಗುವಿಗೆ ಆ ಹಾನಿ ತಟ್ಟಿದ್ದು ಕಂಡುಬಂತು. ತಮ್ಮ ತಾಯಂದಿರ ಕುಡಿತದ ಫಲವನ್ನು ಜಗತ್ತಿನೆದುರು ಎಣಿಸಿ ಇಡುವುದಕ್ಕಿಂತ ಕಠೋರವಾದ ಸತ್ಯನಿಷ್ಠೆ ಯಾವುದು? ಒಳಗಿನವರು ಮುಚ್ಚಿಡುತ್ತಾರೆಂಬ ಆಕ್ಷೇಪ ಈ ಊರಿನ ಮುಂದೆ ತಲೆತಗ್ಗಿಸಬೇಕು. ಜೂನ್ ಆಸ್ಕರ್ 2017ರಲ್ಲಿ ಮೂಲನಿವಾಸಿಗಳ ಸಾಮಾಜಿಕ ನ್ಯಾಯ ಆಯುಕ್ತರಾದ ಮೊದಲ ಮಹಿಳೆಯಾದರು.

ಎಣಿಸುವ ವಿಷಯದಲ್ಲಿಯೇ ಇನ್ನೊಂದು ಸಂಗತಿಯನ್ನು ನಿಧಾನವಾಗಿ ನೋಡಬೇಕು. ಆಸ್ಟ್ರೇಲಿಯಾದ ಸಮೀಕ್ಷೆಗಳು ಕುಡಿತವನ್ನು ಅಳೆಯುವುದು ಹತ್ತು ಗ್ರಾಂ ಆಲ್ಕೋಹಾಲಿನ ಒಂದು ಪ್ರಮಾಣವನ್ನು ಆಧರಿಸಿ. ವಾರಕ್ಕೆ ಎಷ್ಟು ಬಾರಿ, ಒಂದು ಬಾರಿಗೆ ಎಷ್ಟು ಪ್ರಮಾಣ ಎಂಬುದು ಪ್ರಶ್ನೆ. ಊಟದೊಡನೆ ತನ್ನ ಲೋಟದಲ್ಲಿ ತಾನೊಬ್ಬನೇ ಕುಡಿಯುವವನಿಗೆ ಅದು ಸರಿಹೊಂದುತ್ತದೆ. ಒಂದೇ ಡಬ್ಬವನ್ನೋ ಪ್ಲಾಸ್ಟಿಕ್ ಬಾಟಲಿಯನ್ನೋ ಹತ್ತು ಕೈಗಳು ದಾಟಿಸುವಲ್ಲಿ, ಕೈಯಲ್ಲಿ ದುಡ್ಡಿದ್ದ ದಿನ ಕುಡಿದು ಅನಂತರ ವಾರಗಟ್ಟಲೆ ಮುಟ್ಟದಿರುವಲ್ಲಿ ಅದರಿಂದ ಸತ್ಯ ಹೊರಡುವುದಿಲ್ಲ. ಹಾಗಾಗಿ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರೂ ಸಿಡ್ನಿಯ ಸಂಶೋಧಕರೂ ಕೂಡಿ ಟ್ಯಾಬ್ಲೆಟ್ ಯಂತ್ರದಲ್ಲಿ ನಡೆಸುವ ಸಮೀಕ್ಷೆಯೊಂದನ್ನು ರೂಪಿಸಿದರು. ಪಾತ್ರೆಗಳ ಚಿತ್ರಗಳನ್ನು ತೋರಿಸಿ, ಮೂಲನಿವಾಸಿ ಭಾಷೆಯ ಧ್ವನಿಯಲ್ಲಿಯೂ ಕೇಳಿ, ಕೊನೆಯ ನಾಲ್ಕು ಸಲ ಕುಡಿದದ್ದನ್ನು ನೆನಪಿಸಿಕೊಳ್ಳಲು ಹೇಳುವ ವಿಧಾನವದು. ಪಾತ್ರೆಯನ್ನು ಬಲ್ಲವನಿಗೆ ಮಾತ್ರ ಪಾತ್ರೆಯ ಪ್ರಶ್ನೆ ಹೊಳೆಯುತ್ತದೆ. ಶಿಷ್ಯವೇತನ ಖರೀದಿಸುವುದು ಇದನ್ನೇ. ಇಲ್ಲಿ ದಯೆ ದಾಕ್ಷಿಣ್ಯದ ಮಾತಿಲ್ಲ, ವಿಜ್ಞಾನದ ದೋಷವನ್ನು ತಿದ್ದುವ ಖರ್ಚಿನ ಮಾತಿದೆ.

ಮತ್ತೆ ಮತ್ತೆ ನಡೆದ ಸಮೀಕ್ಷೆಗಳು ಸಾರುವ ಒಂದು ಸತ್ಯವೂ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಕುಡಿಯದೇ ಇರುವವರ ಪ್ರಮಾಣ ಬಿಳಿಯರಿಗಿಂತ ಮೂಲನಿವಾಸಿಗಳಲ್ಲಿಯೇ ಹೆಚ್ಚು. ಕುಡಿಯುವವರಲ್ಲಿ ಮಾತ್ರ ಅಪಾಯದ ಮಟ್ಟಕ್ಕೆ ಹೋಗುವವರು ಅಧಿಕ. ಮೊದಲನೆಯ ಮಾತು ಪತ್ರಿಕೆಗಳ ತಲೆಬರಹವಾಗುವುದಿಲ್ಲ. ಕುಡಿಯದವರು ಹೇಗೆ ಕುಡಿಯದೆ ಉಳಿದರು, ಬಿಟ್ಟವರು ಹೇಗೆ ಬಿಟ್ಟರು ಎಂಬ ಪ್ರಶ್ನೆಗಳು ಅಜ್ಜಿ ಚಿಕ್ಕಮ್ಮಂದಿರನ್ನು ಹಾಗೆ ಕಂಡು ಬೆಳೆದ ವಿದ್ಯಾರ್ಥಿಗೆ ಸಹಜವಾಗಿ ಹುಟ್ಟುತ್ತವೆ. ಮೂಲನಿವಾಸಿ ಸಾಂಕ್ರಾಮಿಕ ರೋಗತಜ್ಞ ರೇಮಂಡ್ ಲವೆಟ್ ಅವರ ನೇತೃತ್ವದಲ್ಲಿ 2018ರಲ್ಲಿ ಆರಂಭಗೊಂಡ ಮಯಿ ಕುವಾಯು ಎಂಬ ರಾಷ್ಟ್ರೀಯ ಅಧ್ಯಯನ ಸಂಸ್ಕೃತಿ, ನೆಲದೊಡನೆ ನಂಟು, ಜನಾಂಗೀಯ ಅವಮಾನ ಇವುಗಳನ್ನೂ ಆರೋಗ್ಯದ ಲೆಕ್ಕಕ್ಕೆ ಸೇರಿಸಿತು.

ಹಾಗೆಂದು ಒಳಗಿನವರೆಲ್ಲ ಒಂದೇ ದನಿಯಲ್ಲಿ ಮಾತನಾಡುತ್ತಾರೆಂದು ಭಾವಿಸಬೇಕಿಲ್ಲ. ಕೇಪ್ ಯಾರ್ಕಿನ ನೋಯೆಲ್ ಪಿಯರ್ಸನ್ ವ್ಯಸನವನ್ನು ಇತಿಹಾಸದ ನೋವಿನ ಲಕ್ಷಣವೆಂದಷ್ಟೇ ಕಾಣುವುದನ್ನು ಕಟುವಾಗಿ ವಿರೋಧಿಸಿದರು. ಅದೇ ಒಂದು ಪಿಡುಗು, ಅದನ್ನು ನೇರವಾಗಿ ಹಿಡಿಯಬೇಕೆಂದರು. ವಸಾಹತಿನ ಚಿತ್ರವನ್ನು ಬಯಲು ಮಾಡಿದ ಲ್ಯಾಂಗ್ಟನ್ ಅವರೇ 2007ರ ಕಾರ್ಯಾಚರಣೆಯ ಪರವಾಗಿ ನಿಂತರು. ಅವರ ನಿಲುವನ್ನು ಒಪ್ಪುವುದು ಕಷ್ಟ. ಆದರೆ ವಾದ ಅವರದು, ಪ್ರತಿವಾದವೂ ಅವರದೇ ಜನರದು. ಪರಸ್ಪರ ಜಗಳವಾಡುವ ಸ್ವಾತಂತ್ರ್ಯ ಇಷ್ಟು ಕಾಲ ಬೇರೆಯವರ ವಿದ್ವಾಂಸರಿಗೆ ಮಾತ್ರ ಇತ್ತು.

ಈ ಚರ್ಚೆಯಲ್ಲೆಲ್ಲ ಮರೆಯಲ್ಲಿ ಕುಳಿತಿರುವವನೊಬ್ಬನಿದ್ದಾನೆ. ಅವನು ಮಾರುವವನು. ಡಾರ್ವಿನ್ ನಗರದ ವಿಮಾನ ನಿಲ್ದಾಣದ ಬಳಿ, ಮದ್ಯಮುಕ್ತ ಮೂಲನಿವಾಸಿ ನೆಲೆಗಳ ಸಮೀಪದಲ್ಲಿಯೇ, ವುಲ್‌ವರ್ತ್ಸ್ ಕಂಪನಿ ಡ್ಯಾನ್ ಮರ್ಫೀಸ್ ಹೆಸರಿನ ಭಾರಿ ಮದ್ಯದಂಗಡಿ ತೆರೆಯಲು ಹೊರಟಿತ್ತು. ಮೂಲನಿವಾಸಿ ಸಂಘಟನೆಗಳು ಮತ್ತು ಆರೋಗ್ಯ ಕಾರ್ಯಕರ್ತರು ವರ್ಷಗಟ್ಟಲೆ ಹೋರಾಡಿದರು. ಪ್ರಾಂತ್ಯ ಸರ್ಕಾರ ಅಂಗಡಿಯ ದಾರಿ ಸುಗಮವಾಗಲೆಂದು ಕಾನೂನನ್ನೇ ಬದಲಿಸಿಕೊಟ್ಟಿತು. ಕೊನೆಗೆ ಸ್ವತಂತ್ರ ಪರಿಶೀಲನೆಯ ಬಳಿಕ 2021ರಲ್ಲಿ ಕಂಪನಿ ಹಿಂದೆ ಸರಿಯಿತು. ಅದೇ ಪ್ರಾಂತ್ಯ 2018ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ನಿಗದಿಪಡಿಸಿ, 2025ರಲ್ಲಿ ಹೊಸ ಸರ್ಕಾರದ ಕೈಯಲ್ಲಿ ಅದನ್ನು ರದ್ದುಗೊಳಿಸಿತು. ಚುನಾವಣೆಯಿಂದ ಚುನಾವಣೆಗೆ ತೂಗಾಡುವ ಇಂಥ ನೀತಿಯನ್ನು ಹತ್ತು ವರ್ಷ ಬಿಡದೆ ಬೆನ್ನುಹತ್ತಬಲ್ಲವರು ಆ ನೆಲದಲ್ಲಿಯೇ ಉಳಿಯುವ ಸಂಶೋಧಕರು. ಮೂರು ತಿಂಗಳ ಕ್ಷೇತ್ರಕಾರ್ಯ ಮುಗಿಸಿ ಹೊರಡುವವರಿಂದ ಆ ಕೆಲಸ ಆಗದು.

ಇಷ್ಟು ಹೇಳಿದ ಮೇಲೆ ಶಿಷ್ಯವೇತನಗಳ ಕೊರತೆಯನ್ನೂ ಹೇಳಬೇಕು. ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ಹಣದಲ್ಲಿ ಕನಿಷ್ಠ ಶೇಕಡಾ 5ನ್ನು ಮೂಲನಿವಾಸಿಗಳ ಆರೋಗ್ಯಕ್ಕೆ ಮೀಸಲಿಡುವುದಾಗಿ 2002ರಲ್ಲಿ ಸಂಕಲ್ಪಿಸಿತು. ಹಣ ವಿಷಯಕ್ಕೆ ಮೀಸಲಾದರೆ ಸಾಲದು, ಪ್ರಶ್ನೆಯ ಒಡೆತನವೂ ಜೊತೆಗೆ ಹೋಗಬೇಕು. ಮೂರು ನಾಲ್ಕು ವರ್ಷಗಳ ವೇತನದಲ್ಲಿ ಊರ ಹಿರಿಯರ ಒಪ್ಪಿಗೆ ಪಡೆಯಲು ಬೇಕಾದ ಒಂದು ವರ್ಷವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರಿನಲ್ಲಿ ಸಾವಾದರೆ ಕೆಲಸ ನಿಲ್ಲಿಸಿ ಹೋಗಬೇಕಾದ ಮಗಳಿಗೆ ಗಡುವಿನ ಸಡಿಲಿಕೆ ಬೇಕು. ದೊಡ್ಡ ಪ್ರಾಧ್ಯಾಪಕರ ದೊಡ್ಡ ಯೋಜನೆಯಲ್ಲಿ ದುಭಾಷಿಯಾಗಿ, ಬಾಗಿಲು ತೆರೆಸುವವಳಾಗಿ ಅವಳನ್ನು ಬಳಸಿಕೊಳ್ಳುವುದಾದರೆ ಅದನ್ನು ಶಿಷ್ಯವೇತನವೆನ್ನದೆ ಕೂಲಿಯೆನ್ನುವುದು ಪ್ರಾಮಾಣಿಕ. ಮದ್ಯದ ಉದ್ಯಮದ ಹಣವಂತೂ ಇದರ ಹತ್ತಿರ ಸುಳಿಯಕೂಡದು.

ಕನ್ನಡ ನಾಡಿನ ಆದಿವಾಸಿ ವಿದ್ಯಾರ್ಥಿಗಳಿಗೆ ಈ ಕಥೆ ದೂರದ್ದಲ್ಲ. ಹೋವರ್ಡ್ ಸರ್ಕಾರದ ಘೋಷಣೆಯಾದ ಹತ್ತು ದಿನಗಳಲ್ಲಿ, 2007ರ ಜುಲೈ 1ರಂದು, ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು. ಸಾರಾಯಿ ಪ್ಯಾಕೆಟ್ ಹೋಯಿತು, ಆ ಜಾಗಕ್ಕೆ ಪರವಾನಗಿಯ ಅಗ್ಗದ ಮದ್ಯ ಬಂತು, ಅಬಕಾರಿ ವರಮಾನ ಬೆಳೆಯುತ್ತಲೇ ಹೋಯಿತು. ಜೇನುಕುರುಬರ ಹಾಡಿಯಲ್ಲಿ, ಕೊರಗರ ಕೇರಿಯಲ್ಲಿ, ಸೋಲಿಗರ ಪೋಡಿನಲ್ಲಿ ಈ ಬದಲಾವಣೆ ಏನು ಮಾಡಿತೆಂಬುದನ್ನು ಅಲ್ಲಿಯದೇ ಮಗನೋ ಮಗಳೋ ಬರೆಯಬೇಕು. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಉನ್ನತ ಸಂಶೋಧನೆಗಾಗಿ ದೇಶದ ಪರಿಶಿಷ್ಟ ಪಂಗಡಗಳ 750 ವಿದ್ಯಾರ್ಥಿಗಳಿಗೆ ವರ್ಷಕ್ಕೊಮ್ಮೆ ಫೆಲೋಶಿಪ್ ಕೊಡುವ ಯೋಜನೆಯನ್ನಿಟ್ಟಿದೆ. ವಿಷಯದ ಆಯ್ಕೆ ವಿದ್ಯಾರ್ಥಿಗೆ ಬಿಟ್ಟದ್ದು. ಆದರೆ ಹಾಡಿಯಿಂದ ಸ್ನಾತಕೋತ್ತರ ಪದವಿಯವರೆಗಿನ ದಾರಿಯಲ್ಲಿ ಎಷ್ಟು ಮಂದಿ ಉಳಿಯುತ್ತಾರೆಂಬುದನ್ನು ಆಶ್ರಮ ಶಾಲೆಗಳ ಹಾಜರಿ ಪುಸ್ತಕಗಳು ಹೇಳುತ್ತವೆ. ರಾಜ್ಯದ ವಿಶ್ವವಿದ್ಯಾಲಯಗಳ ಸಮುದಾಯ ಆರೋಗ್ಯ ವಿಭಾಗಗಳು ಆ ದಾರಿಯ ಮೇಲಿನ ಮೆಟ್ಟಿಲಲ್ಲಿ ಕುಳಿತು ಅರ್ಜಿ ಬರಲಿಲ್ಲವೆಂದು ಷರಾ ಬರೆಯುವುದನ್ನು ಬಿಟ್ಟು, ಪದವಿಯ ಕೊನೆಯ ವರ್ಷದಲ್ಲಿರುವ ಆದಿವಾಸಿ ವಿದ್ಯಾರ್ಥಿಗಳನ್ನು ಕಾಲೇಜುಗಳಿಗೆ ಹೋಗಿ ಹುಡುಕಲಿ, ಅರ್ಜಿ ತುಂಬಿಸಲಿ, ಹಾಡಿಯ ಸಭೆಯ ಮುಂದೆ ಸಂಶೋಧನೆಯ ಪ್ರಶ್ನೆಯನ್ನು ಓದಿ ಹೇಳಿದ ಮೇಲೆಯೇ ನೋಂದಣಿಗೆ ಸಹಿ ಹಾಕಲಿ.